ಪಾಯಿಂಟ್ ನಮ್ಮದು, ಸೂಟಿ ಯಾರದು?

‘ಸರ್, ಕಂಗ್ರಾಜುಲೇಷನ್ಸ್! ನೀವು ಲಕ್ಕಿ ಡ್ರಾದಲ್ಲಿ ಗೆದ್ದಿದ್ದೀರಿ. ಗಿಫ್ಟ್ ತಗೊಳ್ಳೋಕೆ ಗಂಡ, ಹೆಂಡತಿ ಇಬ್ಬರೂ ಬರಬೇಕು.’

ಮಾಲ್‌ನಲ್ಲೋ, ಪೆಟ್ರೋಲ್ ಬಂಕ್‌ನಲ್ಲೋ ಒಂದು ಕೂಪನ್ ತುಂಬಿ ಹಾಕಿದವರಿಗೆಲ್ಲ ಈ ಫೋನ್ ಒಮ್ಮೆಯಾದರೂ ಬಂದಿರ್ತದೆ. ಗಿಫ್ಟ್ ಒಂದು ಕುಕ್ಕರ್ರೋ, ಎರಡು ರಾತ್ರಿಯ ಹೋಟೆಲ್ ವೋಚರ್ರೋ ಇರ್ತದೆ. ಆದರೆ ಇಬ್ಬರೂ ಯಾಕೆ ಬರಬೇಕು? ‘ಮನೇಲಿ ಕೇಳಿ ಹೇಳ್ತೀನಿ’ ಅನ್ನೋ ಮಾತಿಗೆ ಅಲ್ಲಿ ಜಾಗ ಇರಬಾರದು, ಅದಕ್ಕೆ. ಒಳಗೆ ಕೂರಿಸಿ ಮಾರೋದು ರಜೆಯನ್ನು. ಹತ್ತು ವರ್ಷದ್ದು, ಇಪ್ಪತ್ತೈದು ವರ್ಷದ್ದು, ಒಂದೇ ಸಲಕ್ಕೆ.

ಇದಕ್ಕೆ ಟೈಮ್‌ಶೇರ್ ಅಂತ ಹೆಸರು. ಇದು ಮೋಸದ ವ್ಯಾಪಾರ ಅಂತ ಸಾರಾಸಗಟಾಗಿ ಹೇಳೋಕೆ ನಾನು ಹೊರಟಿಲ್ಲ. ಖುಷಿಯಾಗಿ ಬಳಸೋ ಕುಟುಂಬಗಳನ್ನೂ ನೋಡಿದ್ದೀನಿ. ಆದರೆ ಈಗ ಹೆಚ್ಚು ಮಾರ್ತಿರೋ ‘ಪಾಯಿಂಟ್’ ಲೆಕ್ಕದ ಮೆಂಬರ್‌ಶಿಪ್‌ನಲ್ಲಿ ಒಂದು ಸೂಕ್ಷ್ಮ ಇದೆ. ಅದು ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನೋದನ್ನ ನಿರ್ಧರಿಸೋದು ನಿಮ್ಮ ಸಂಬಳ ಅಲ್ಲ, ನಿಮ್ಮ ಕ್ಯಾಲೆಂಡರ್.

ವಾರದಿಂದ ಪಾಯಿಂಟ್‌ಗೆ

ಈ ಐಡಿಯಾ ಹುಟ್ಟಿದ್ದು 1960ರ ದಶಕದ ಯುರೋಪಿನಲ್ಲಿ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ 1963ರಲ್ಲಿ ಶುರುವಾಯಿತು. ರೆಸಾರ್ಟ್ ವಾರಗಳನ್ನು ಅದಲು ಬದಲು ಮಾಡಿಕೊಡೋ ಆರ್‌ಸಿಐ ಅಮೆರಿಕದಲ್ಲಿ 1974ರಲ್ಲಿ ಬಂತು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಶುರುವಾದವು. ಕ್ಲಬ್ ಮಹೀಂದ್ರಾದ ಹೆಸರುವಾಸಿ ಯೋಜನೆಯಲ್ಲಿ ಸರಳವಾದ ಲೆಕ್ಕ ಇತ್ತು: 25 ವರ್ಷ, ವರ್ಷಕ್ಕೆ ಏಳು ರಾತ್ರಿ, ಸೀಸನ್‌ಗೆ ಒಂದೊಂದು ಬಣ್ಣ. ನೇರಳೆ ಅಂದರೆ ತುಂಬಾ ಬೇಡಿಕೆಯ ಕಾಲ, ಆಮೇಲೆ ಕೆಂಪು, ಬಿಳಿ, ನೀಲಿ. ಯಾವ ಬಣ್ಣ ಕೊಂಡಿರಿ ಅನ್ನೋದರ ಮೇಲೆ ಯಾವಾಗ ಹೋಗಬಹುದು ಅನ್ನೋದು ಮೊದಲೇ ಗೊತ್ತಿರ್ತಿತ್ತು.

ಪಾಯಿಂಟ್ ಪದ್ಧತಿ ಇದನ್ನು ಸಡಿಲ ಮಾಡ್ತು. ವರ್ಷಕ್ಕೆ ಇಷ್ಟು ಪಾಯಿಂಟ್ ನಿಮ್ಮ ಖಾತೆಗೆ ಬೀಳ್ತದೆ. ಯಾವ ಊರು, ಯಾವ ರೂಮು, ಯಾವ ದಿನ ಅನ್ನೋದರ ಮೇಲೆ ಪಾಯಿಂಟ್ ಕಡಿತ. ಎರಡು ರಾತ್ರಿ ಈಗ, ಮೂರು ರಾತ್ರಿ ಆಮೇಲೆ ಅಂತ ಒಡೆದು ಬಳಸಬಹುದು. ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು, ಕೆಲವರಲ್ಲಿ ಮುಂದಿನ ವರ್ಷದ್ದನ್ನು ಈಗಲೇ ಸಾಲ ತಗೊಳ್ಳಬಹುದು. ಕೇಳೋಕೆ ಮೊಬೈಲ್ ಡೇಟಾ ಪ್ಯಾಕ್ ಇದ್ದಂಗೆ. ನಮ್ಮ ಪೀಳಿಗೆಗೆ ಬೇಗ ಹಿಡಿಸ್ತದೆ.

ಜಗತ್‌ನ ಒಂದು ಮನೆ

ನಮ್ಮ ಮನೆ ಕಲಬುರಗಿಯ ಜಗತ್ ಬಡಾವಣೆಯಲ್ಲಿ. ಎರಡು ಗಲ್ಲಿ ಆಚೆ ನಮ್ಮ ದೊಡ್ಡಪ್ಪನ ಮಗ, ಅಂದರೆ ಅಣ್ಣ ಇದ್ದಾನೆ. ಅಣ್ಣ ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು, ವೈನಿ ಪ್ರೈಮರಿ ಶಾಲೆಯ ಟೀಚರ್. ಮಕ್ಕಳು ಇಬ್ಬರು, ಒಂಬತ್ತು ಮತ್ತು ಹನ್ನೆರಡು ವರ್ಷ. ಒಂದು ಭಾನುವಾರ ಇಂಥದೇ ಪ್ರೆಸೆಂಟೇಷನ್‌ಗೆ ಹೋಗಿ ಬಂದು ಅಣ್ಣ ಫೋನ್ ಮಾಡಿದ.

‘ತಮ್ಮಾ, ಮೂರು ತಾಸು ಕುಂದ್ರಿಸಿದ್ರು ನೋಡು. ಇವತ್ತ ಸಹಿ ಮಾಡಿದ್ರ ಒಂದೂವರಿ ಲಕ್ಷ ಡಿಸ್ಕೌಂಟ್ ಅಂದ್ರು. ಇಪ್ಪತ್ತೈದು ಸಾವಿರ ಟೋಕನ್ ಕೊಟ್ಟೀನಿ.’

ಒಟ್ಟು ಬೆಲೆ ತೆರಿಗೆ ಸೇರಿ 5 ಲಕ್ಷ. ಕರಾರಿನ ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಹತ್ತು ದಿನದೊಳಗೆ ಬರೆದು ತಿಳಿಸಿದರೆ ಪೂರ್ತಿ ಹಣ ವಾಪಸ್ ಅಂತ ಇತ್ತು. ಅಂದರೆ ಯೋಚನೆ ಮಾಡೋಕೆ ಹತ್ತು ದಿನ.

ಆ 5 ಲಕ್ಷ ಸುಮ್ಮನೆ ಬಿದ್ದಿದ್ದ ದುಡ್ಡಲ್ಲ. ದೊಡ್ಡಪ್ಪ, ದೊಡ್ಡವ್ವ ಇರೋದು ಕಮಲಾಪುರದಲ್ಲಿ, ಹುಮನಾಬಾದ್ ರಸ್ತೆಯಲ್ಲಿ. ಕೆಂಪು ಬಾಳೆಗೆ ಜಿಐ ಮಾನ್ಯತೆ ಪಡೆದ ಊರು ಅದೇ. ದೊಡ್ಡವ್ವನ ಮೊಣಕಾಲು ಹೋಗಿದೆ. ಬಚ್ಚಲು, ಪಾಯಖಾನೆ ಎರಡೂ ಹಿತ್ತಲಲ್ಲಿ, ನಾಲ್ಕು ಮೆಟ್ಟಿಲು ಇಳಿದು. ಮಳೆಗಾಲದ ರಾತ್ರಿಯಲ್ಲಿ ಮೊಮ್ಮಕ್ಕಳು ಬ್ಯಾಟರಿ ಹಿಡಿದು ಕರೆದುಕೊಂಡು ಹೋಗಬೇಕು. ಮನೆಯೊಳಗೇ ಒಂದು ಬಚ್ಚಲು ಕಟ್ಟಿಸೋದು ಎರಡು ವರ್ಷದ ಮಾತು. ಆ ಉಳಿತಾಯದಲ್ಲಿ ಅದರ ಪಾಲೂ ಇತ್ತು.

ವೈನಿಯ ಆಸೆಯನ್ನೂ ಹಗುರ ಮಾಡಬಾರದು. ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. ‘ಹದಿಮೂರು ವರ್ಷ ಆತ್ರಿ ಮದ್ವಿಯಾಗಿ. ಸೂಟಿ ಬಂದ್ರ ಒಂದೋ ಕಮಲಾಪುರ, ಇಲ್ಲಾ ಯಾರರೆ ಮದ್ವಿ. ರೊಕ್ಕ ಕಟ್ಟಿಬಿಟ್ರ ಅದಕ್ಕರೆ ಹೋಗ್ತೀವಿ ಅಂತ ನಾನೇ ಹೂಂ ಅಂದೆ.’

ಟೈಮ್‌ಶೇರ್‌ನ ಪರವಾಗಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ವಾದ ಇದು. ಕಟ್ಟಿದ ದುಡ್ಡು ನಮ್ಮನ್ನು ಮನೆಯಿಂದ ಹೊರಗೆ ಎಬ್ಬಿಸ್ತದೆ.

ಚಾರ್ಟ್ ತೆಗೆದು ನೋಡಿ

ಅವರ ಮೆಂಬರ್‌ಶಿಪ್‌ನಲ್ಲಿ ವರ್ಷಕ್ಕೆ 1,000 ಪಾಯಿಂಟ್. ನಾಲ್ಕು ಜನಕ್ಕೆ ಬೇಕಾದ ಒಂದು ಬೆಡ್‌ರೂಮಿನ ಮನೆಗೆ ಚಾರ್ಟ್ ಹೀಗಿತ್ತು:

ಮಳೆಗಾಲದ ವಾರದ ದಿನ: ರಾತ್ರಿಗೆ 80 ಪಾಯಿಂಟ್
ಸಾಧಾರಣ ಸೀಸನ್: 130 ಪಾಯಿಂಟ್
ಬೇಸಿಗೆ ರಜೆ, ದಸರಾ, ದೀಪಾವಳಿ, ಕ್ರಿಸ್‌ಮಸ್: 220 ಪಾಯಿಂಟ್

ಪ್ರೆಸೆಂಟೇಷನ್‌ನಲ್ಲಿ ಹೇಳಿದ್ದು ‘ವರ್ಷಕ್ಕೆ ಹನ್ನೆರಡು ರಾತ್ರಿ ತನಕ’. ಸುಳ್ಳಲ್ಲ. 80ರ ಲೆಕ್ಕದಲ್ಲಿ ಹನ್ನೆರಡು ರಾತ್ರಿ ಸಿಗ್ತದೆ. 130ರ ಲೆಕ್ಕದಲ್ಲಿ ಏಳು. 220ರ ಲೆಕ್ಕದಲ್ಲಿ ನಾಲ್ಕು.

ಈಗ ಅಣ್ಣ–ವೈನಿಯ ಕ್ಯಾಲೆಂಡರ್ ನೋಡಿ. ಇಬ್ಬರೂ ಶಾಲೆಯವರು, ಮಕ್ಕಳೂ ಶಾಲೆಗೆ ಹೋಗುವವರು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ಬೇಸಿಗೆ ಸೂಟಿ, ಆಮೇಲೆ ದಸರಾ. ಅಷ್ಟೇ. ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟೋ ಹೊತ್ತಿಗೆ ಮಡಿಕೇರಿ, ಊಟಿ, ಮಹಾಬಳೇಶ್ವರದ ತಂಪು ನಮಗೆ ಬೇಕು. ದೇಶದ ಉಳಿದ ಶಾಲೆಗಳ ಕುಟುಂಬಗಳಿಗೂ ಅದೇ ಹೊತ್ತಿಗೆ ಬೇಕು. ಹೀಗಾಗಿ ಅವರ 1,000 ಪಾಯಿಂಟ್ ಅಂದರೆ ನಾಲ್ಕು ರಾತ್ರಿ. ಜುಲೈ ತಿಂಗಳ ಮಂಗಳವಾರದ ಅಗ್ಗದ ರೂಮು ಇವರಿಗೆ ಇದ್ದರೂ ಇಲ್ಲದಂಗೆ.

ಅದರ ಮೇಲೆ ದೂರ. 2024ರ ಮಾರ್ಚ್‌ನಿಂದ ನಮಗೆ ವಂದೇ ಭಾರತ್ ಇದೆ. ಬೆಳಗಿನ ಜಾವ ಕಲಬುರಗಿ ಬಿಟ್ಟರೆ ಮಧ್ಯಾಹ್ನ ಬೆಂಗಳೂರು. ಅಲ್ಲಿಂದ ಮಡಿಕೇರಿಗೆ ಇನ್ನೂ 250 ಕಿಲೋಮೀಟರ್‌ಗೂ ಹೆಚ್ಚು. ಮಕ್ಕಳನ್ನು ಕಟ್ಟಿಕೊಂಡು ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ. ನಾಲ್ಕು ರಾತ್ರಿಗೆ ನಾಲ್ಕು ದಿನದ ಪ್ರಯಾಣ. ಬೆಂಗಳೂರಿನವರು ಶುಕ್ರವಾರ ಸಂಜೆ ಕಾರು ಹತ್ತಿ ಎರಡೆರಡು ರಾತ್ರಿ ಒಡೆದು ಬಳಸೋ ಸೌಕರ್ಯಕ್ಕೆ ನಾವೂ ಅಷ್ಟೇ ದುಡ್ಡು ಕೊಡ್ತೀವಿ, ಆದರೆ ಬಳಸೋಕಾಗಲ್ಲ.

ಒಂದು ರಾತ್ರಿಗೆ ಎಷ್ಟು?

ಲೆಕ್ಕ ಮಾಡೋಣ. ಇದನ್ನು ನಿಮ್ಮ ಫೋನಿನಲ್ಲೇ ಮಾಡಬಹುದು.

ಕಟ್ಟಿದ 5 ಲಕ್ಷವನ್ನು 25ರಿಂದ ಭಾಗಿಸಿ ‘ವರ್ಷಕ್ಕೆ ಬರೀ 20 ಸಾವಿರ’ ಅಂತ ತೋರಿಸ್ತಾರೆ. ಆದರೆ ದುಡ್ಡು ಇವತ್ತೇ ಕೈಬಿಡ್ತದೆ. ಅದೇ 5 ಲಕ್ಷವನ್ನು ಶೇ 7ರ ಬಡ್ಡಿಗೆ ಇಟ್ಟು, ಅಸಲು–ಬಡ್ಡಿ ಸೇರಿಸಿ 25 ವರ್ಷ ಸಮನಾಗಿ ತೆಗೆದು ಖಾಲಿ ಮಾಡಿದರೆ ವರ್ಷಕ್ಕೆ ಸುಮಾರು 42,900 ರೂಪಾಯಿ ಸಿಗ್ತದೆ. ಎಕ್ಸೆಲ್‌ನ ಪಿಎಂಟಿ ಫಾರ್ಮುಲಾ ಈ ಉತ್ತರ ಕೊಡ್ತದೆ. ಹಾಗಾಗಿ ಮೆಂಬರ್‌ಶಿಪ್‌ನ ನಿಜವಾದ ವಾರ್ಷಿಕ ಬೆಲೆ 20 ಸಾವಿರ ಅಲ್ಲ, 42,900.

ಇದಕ್ಕೆ ವಾರ್ಷಿಕ ನಿರ್ವಹಣಾ ಶುಲ್ಕ ಸೇರಿಸಿ. ಅಣ್ಣನ ಕರಾರಿನಲ್ಲಿ ಅದು ಮೊದಲ ವರ್ಷ ಜಿಎಸ್‌ಟಿ ಸೇರಿ 20,000. ನೀವು ಹೋಗಲಿ, ಬಿಡಲಿ, ಕಟ್ಟಲೇಬೇಕು. ಕಟ್ಟದಿದ್ದರೆ ಬುಕಿಂಗ್ ಬಂದ್. ಪ್ರತಿವರ್ಷ ಶೇ 6ರಷ್ಟು ಏರಿದರೆ 25ನೇ ವರ್ಷ ಅದೇ ಶುಲ್ಕ 81 ಸಾವಿರದ ಹತ್ತಿರ. 25 ವರ್ಷದ ಶುಲ್ಕವೆಲ್ಲ ಕೂಡಿದರೆ ಸುಮಾರು 11 ಲಕ್ಷ. ಅಂದರೆ 5 ಲಕ್ಷದ ವಸ್ತುವಿನ ದೊಡ್ಡ ಬೆಲೆ ಇರೋದು ಶುಲ್ಕದಲ್ಲಿ.

ಮೊದಲ ವರ್ಷದ ಒಟ್ಟು: 62,900. ಇದನ್ನು ರಾತ್ರಿಗಳಿಗೆ ಹಂಚಿದರೆ:

ಹನ್ನೆರಡು ರಾತ್ರಿ ಬಳಸುವವರಿಗೆ ರಾತ್ರಿಗೆ ಸುಮಾರು 5,240
ಏಳು ರಾತ್ರಿಯವರಿಗೆ ಸುಮಾರು 8,990
ನಾಲ್ಕು ರಾತ್ರಿಯವರಿಗೆ ಸುಮಾರು 15,730

ಊಟ, ಪ್ರಯಾಣ ಬೇರೆ. ಇಎಂಐ ಮಾಡಿಸಿದರೆ ಇನ್ನೂ ಹೆಚ್ಚು: 1 ಲಕ್ಷ ಕಟ್ಟಿ ಉಳಿದ 4 ಲಕ್ಷವನ್ನು ಶೇ 12ರ ಬಡ್ಡಿಗೆ 48 ಕಂತು ಮಾಡಿದರೆ ಬಡ್ಡಿಯೇ 1 ಲಕ್ಷ ದಾಟ್ತದೆ.

ವೈನಿ ಬುಕಿಂಗ್ ಆ್ಯಪ್ ತೆಗೆದು ಮೇ ತಿಂಗಳ ಅವೇ ದಿನಾಂಕ ಹಾಕಿದರು. ಅಂಥದೇ ಜಾಗದಲ್ಲಿ, ಅಷ್ಟೇ ದೊಡ್ಡ ರೂಮು ತೆರಿಗೆ ಸೇರಿ ರಾತ್ರಿಗೆ 8,500. ನಾಲ್ಕು ರಾತ್ರಿಗೆ 34,000. ಸುಮ್ಮನೆ ಫೋನ್ ನೋಡ್ತಾ ಕುಳಿತರು.

‘ಆದ್ರ ಹೋಟೆಲ್ ರೇಟ್ ಏರ್ತಾವಲ್ಲೋ?’ ಅಂತ ಅಣ್ಣ ಕೇಳಿದ. ಸರಿಯಾದ ಪ್ರಶ್ನೆ. ಗಣಿತದ ಮಾಸ್ತರಲ್ಲವೇ! ಹೋಟೆಲ್ ಬೆಲೆಯೂ ವರ್ಷಕ್ಕೆ ಶೇ 6ರಂತೆ ಏರ್ತದೆ ಅಂತಲೇ ಹಿಡಿದೆವು. ನಾಲ್ಕು ರಾತ್ರಿಯ ಲೆಕ್ಕದಲ್ಲಿ ಎರಡೂ ಕಡೆಯ ವಾರ್ಷಿಕ ಖರ್ಚು ಸಮ ಆಗೋದು 21ನೇ ವರ್ಷದಲ್ಲಿ. ಅಷ್ಟೊತ್ತಿಗೆ ಸಣ್ಣ ಮಗನಿಗೇ ಮೂವತ್ತು.

ಹಾಗಾದರೆ ಯಾರಿಗೆ ಲಾಭ?

ಇದೇ ಕಾಗದದ ಮೇಲೆ ಬೇರೆಯವರ ಕ್ಯಾಲೆಂಡರ್ ಇಟ್ಟು ನೋಡಿದೆ. ನಿವೃತ್ತ ದಂಪತಿ, ಆರೋಗ್ಯ ಚೆನ್ನಾಗಿದೆ, ಫೆಬ್ರವರಿಯಲ್ಲೋ ಸೆಪ್ಟೆಂಬರ್‌ನಲ್ಲೋ ಏಳು ರಾತ್ರಿ ಹೋಗ್ತಾರೆ. ಸಾಧಾರಣ ಸೀಸನ್‌ನಲ್ಲಿ ರೂಮು ರಾತ್ರಿಗೆ 6,500 ಅಂತ ಹಿಡಿದರೆ ಅವರ ಲೆಕ್ಕ ಹತ್ತನೇ ವರ್ಷಕ್ಕೆ ಸಮ ಆಗ್ತದೆ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದಾದ ನನ್ನಂಥ ಐಟಿಯವರು, ಮಕ್ಕಳ ಶಾಲೆಯ ಹಂಗಿಲ್ಲ, ಮಳೆಗಾಲದಲ್ಲಿ ವಾರದ ನಡುವೆ ಹನ್ನೆರಡು ರಾತ್ರಿ ಲ್ಯಾಪ್‌ಟಾಪ್ ಹಿಡಿದು ಕೂರ್ತಾರೆ. ರಾತ್ರಿಗೆ 5,000ದ ರೂಮು ಅಂದರೆ ಮೂರನೇ ವರ್ಷದಿಂದಲೇ ಲಾಭ.

ಆದರೆ ಆ ಲಾಭಕ್ಕೂ ಒಂದು ಷರತ್ತು: 25 ವರ್ಷವೂ ಹಾಗೇ ಇರಬೇಕು. ನಮಗೀಗ ಮೂವತ್ತು. ಮದುವೆ, ಮಗು, ಕೆಲಸ ಬದಲಾವಣೆ, ‘ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬನ್ನಿ’ ಅನ್ನೋ ಒಂದು ಮೇಲ್, ಅಪ್ಪನ ಆಪರೇಷನ್. ಇವತ್ತು ಹನ್ನೆರಡು ರಾತ್ರಿಯವರಾಗಿದ್ದವರು ಐದು ವರ್ಷದಲ್ಲಿ ನಾಲ್ಕು ರಾತ್ರಿಯವರಾಗ್ತೀವಿ. ಮಗು ಒಂದನೇ ಕ್ಲಾಸಿಗೆ ಸೇರಿದ ದಿನ ನಿಮ್ಮ ಪಾಯಿಂಟಿನ ಬೆಲೆ ಅರ್ಧಕ್ಕಿಂತ ಕೆಳಗೆ ಇಳೀತದೆ. ಖಾತೆಯಲ್ಲಿ ಮಾತ್ರ ಅದೇ 1,000 ಇರ್ತದೆ.

ಪಾಯಿಂಟ್ ಪದ್ಧತಿಯ ಸೂಕ್ಷ್ಮ ಇದೇ. ಪಾಯಿಂಟಿನ ಸಂಖ್ಯೆ ನಿಮ್ಮದು, ಚಾರ್ಟ್ ಅವರದು. ನಾಳೆ 220 ಇದ್ದದ್ದು 260 ಆದರೆ? ನಾಲ್ಕು ರಾತ್ರಿ ಮೂರಾಗ್ತದೆ. ಅಮೆರಿಕದ ಡಿಸ್ನಿ ವೆಕೇಷನ್ ಕ್ಲಬ್ 1991ರಿಂದ ಪಾಯಿಂಟ್ ಲೆಕ್ಕದಲ್ಲೇ ನಡೀತಿದೆ. ಅಲ್ಲಿನ ನಿಯಮದಂತೆ ಒಂದು ಮನೆಗೆ ಇಡೀ ವರ್ಷಕ್ಕೆ ಬೇಕಾಗುವ ಒಟ್ಟು ಪಾಯಿಂಟನ್ನು ಹೆಚ್ಚಿಸುವಂತಿಲ್ಲ. ಒಂದು ದಿನಕ್ಕೆ ಏರಿಸಿದರೆ ಇನ್ನೊಂದು ದಿನಕ್ಕೆ ಇಳಿಸಬೇಕು. ಅಂಥ ಒಂದು ಸಾಲು ನಿಮ್ಮ ಕರಾರಿನಲ್ಲಿ ಇದೆಯಾ ಅಂತ ಹುಡುಕಿ. ಅಣ್ಣನ ಕರಾರಿನಲ್ಲಿ ಇದ್ದದ್ದು ‘ಕಂಪನಿ ಕಾಲಕಾಲಕ್ಕೆ ಚಾರ್ಟ್ ಬದಲಿಸಬಹುದು’ ಅನ್ನೋ ಸಾಲು.

ಕಾನೂನು ಏನು ಹೇಳ್ತದೆ?

ಯುರೋಪಿಯನ್ ಒಕ್ಕೂಟದಲ್ಲಿ ಟೈಮ್‌ಶೇರ್‌ಗೇ ಒಂದು ಪ್ರತ್ಯೇಕ ನಿರ್ದೇಶನ ಇದೆ. ಸಹಿ ಮಾಡಿದ ಮೇಲೆ 14 ದಿನದೊಳಗೆ ಕಾರಣ ಕೊಡದೇ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ತಗೊಳ್ಳುವಂತಿಲ್ಲ. ನಮ್ಮಲ್ಲಿ ಟೈಮ್‌ಶೇರ್‌ಗೆ ಅಂತಲೇ ಬೇರೆ ಕಾನೂನು ಇಲ್ಲ. ಹಿಂದೆ ಸರಿಯೋಕೆ ಎಷ್ಟು ದಿನ ಅನ್ನೋದು ಕರಾರಿನಲ್ಲಿ ಬರೆದಷ್ಟೇ.

ನಮ್ಮ ಕೈಲಿರೋದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಅದರಲ್ಲಿ ‘ಅನ್ಯಾಯದ ಕರಾರು’ ಅನ್ನೋದಕ್ಕೆ ವ್ಯಾಖ್ಯೆ ಇದೆ. ಕಂಪನಿಯ ಆಫೀಸು ಮುಂಬೈನಲ್ಲಿದ್ದರೂ ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಸಹಾಯವಾಣಿಗೆ ಫೋನ್ ಮಾಡಬಹುದು.

ಇನ್ನೊಂದು ಎಚ್ಚರ. ‘ರೂಮು ಬಳಸದಿದ್ದರೆ ಕೊನೆಗೆ ದುಡ್ಡು ದುಪ್ಪಟ್ಟು ಕೊಡ್ತೀವಿ’ ಅಂದರೆ ಅದು ರಜೆ ಅಲ್ಲ, ಹೂಡಿಕೆ. ರೂಮ್ ನೈಟ್ ಹೆಸರಲ್ಲಿ ಸುಮಾರು 50 ಲಕ್ಷ ಜನರಿಂದ 7,000 ಕೋಟಿಗೂ ಹೆಚ್ಚು ಸಂಗ್ರಹಿಸಿದ್ದ ಪ್ಯಾನ್‌ಕಾರ್ಡ್ ಕ್ಲಬ್ಸ್‌ಗೆ, ಅದು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಅಂತ ಸೆಬಿ 2016ರಲ್ಲಿ ಹಣ ವಾಪಸ್ ಕೊಡಲು ಆದೇಶಿಸಿತು. ರಜೆ ಕೊಳ್ಳೋದಾದರೆ ರಜೆಯನ್ನೇ ಕೊಳ್ಳಿ.

ಅಣ್ಣ–ವೈನಿ ಮಾಡಿದ್ದು

ಎಂಟನೇ ದಿನ ಅಣ್ಣ ಈಮೇಲ್ ಕಳಿಸಿದ, ಅದರ ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಹಾಕಿದ. ಮೂರು ಸಲ ಫೋನ್ ಬಂತು, ‘ಇನ್ನೂ 40 ಸಾವಿರ ಬಿಡ್ತೀವಿ’ ಅಂತ. ಒಂದು ತಿಂಗಳೊಳಗೆ ಟೋಕನ್ ವಾಪಸ್ ಬಂತು.

ಈಗ ಕಮಲಾಪುರದ ಮನೆಯೊಳಗೆ ಬಚ್ಚಲು ಆಗಿದೆ. ವೈನಿಯ ಮಾತೂ ಉಳೀಬೇಕಲ್ಲ? ಅವರು ಒಂದು ಆರ್‌ಡಿ ಮಾಡಿಸಿದರು, ತಿಂಗಳಿಗೆ 4,000. ಅದರ ಹೆಸರೇ ‘ಸೂಟಿ’. ಕಳೆದ ದಸರಾಕ್ಕೆ ಸೋಲಾಪುರದ ಮೇಲೆ ಮಹಾಬಳೇಶ್ವರಕ್ಕೆ ಹೋಗಿ ಮೂರು ರಾತ್ರಿ ಇದ್ದು ಬಂದರು. ಹೋಗೋ ವಾರದ ಮುಂಚೆ ದೊಡ್ಡಪ್ಪಗೆ ಜ್ವರ ಬಂದು ದಿನಾಂಕ ಎರಡು ದಿನ ಮುಂದೆ ಹಾಕಿದರು. ರೂಮಿನವರು ಹೂಂ ಅಂದರು.

‘ರಿಟೈರ್ ಆದ್ಮ್ಯಾಗ ನೋಡೋಣಂತ್ರಿ, ಆವಾಗ ಜುಲೈನಾಗೂ ಹೋಗಬಹುದು’ ಅಂತಾರೆ ವೈನಿ. ಅದು ಸರಿಯಾದ ಲೆಕ್ಕ.

ಸಹಿ ಮಾಡೋ ಮುಂಚೆ

ನಿಮ್ಮ ಮುಂದೆ ಕರಾರು ಇದ್ದರೆ ಈ ಆರು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕೇಳಿ. ಬಾಯಿಮಾತು ಬೇಡ.

1. ನನಗೆ ರಜೆ ಸಿಗೋ ತಿಂಗಳಲ್ಲಿ, ನನ್ನ ಕುಟುಂಬಕ್ಕೆ ಬೇಕಾದ ರೂಮಿಗೆ, ರಾತ್ರಿಗೆ ಎಷ್ಟು ಪಾಯಿಂಟ್?
2. ಚಾರ್ಟ್ ಬದಲಿಸೋಕೆ ಮಿತಿ ಏನು?
3. ವಾರ್ಷಿಕ ಶುಲ್ಕ ಏರೋಕೆ ಮಿತಿ ಏನು? ಕಳೆದ ಐದು ವರ್ಷ ಎಷ್ಟಿತ್ತು?
4. ಬಳಸದ ಪಾಯಿಂಟ್ ಎಷ್ಟು ವರ್ಷ ಇರ್ತದೆ? ಬುಕಿಂಗ್ ಎಷ್ಟು ತಿಂಗಳ ಮೊದಲು ತೆರೀತದೆ?
5. ಮಧ್ಯದಲ್ಲಿ ಬಿಡೋದಾದರೆ ಎಷ್ಟು ವಾಪಸ್? ಬೇರೆಯವರಿಗೆ ವರ್ಗಾಯಿಸೋಕೆ ಶುಲ್ಕ ಎಷ್ಟು?
6. ಎಷ್ಟು ದಿನದೊಳಗೆ, ಯಾವ ವಿಳಾಸಕ್ಕೆ ಬರೆದರೆ ಪೂರ್ತಿ ಹಣ ವಾಪಸ್?

ಆಮೇಲೆ ಒಂದು ಸಣ್ಣ ಪರೀಕ್ಷೆ. ಅವರ ಆ್ಯಪ್‌ನಲ್ಲಿ, ಅಲ್ಲೇ, ನಿಮ್ಮ ಎದುರಿಗೇ, ಮುಂದಿನ ಮೇ ತಿಂಗಳ ನಿಮ್ಮ ದಿನಾಂಕಕ್ಕೆ ರೂಮು ಹುಡುಕಿ ತೋರಿಸೋಕೆ ಹೇಳಿ. ಸಿಕ್ಕರೆ ಯೋಚನೆ ಮಾಡಿ. ‘ಈಗ ಸರ್ವರ್ ಡೌನ್ ಇದೆ ಸರ್’ ಅಂದರೆ ಗಿಫ್ಟ್ ಕುಕ್ಕರ್ ತಗೊಂಡು, ಥ್ಯಾಂಕ್ಸ್ ಹೇಳಿ, ಮನೆಗೆ ಬನ್ನಿ.